ಮರಿ ಎಂಬ ಗುಂಡಿ

ಅವರು ಯಾವ ಕೋಣೆಯನ್ನೂ ಸಲೀಸಾಗಿ ಪ್ರವೇಶಿಸಿದವರಲ್ಲ. ಹೊಸ್ತಿಲ ಬಳಿ ಅರೆಗಳಿಗೆ ನಿಂತು, ಬಲಗಾಲಿನ ತುದಿಯನ್ನು ಮುಂದಕ್ಕೆ ಚಾಚಿ, ಒಳಗಿನ ನೆಲವನ್ನು ಮೆಲ್ಲನೆ ತಟ್ಟಿ, ನೆಲ ನಿಜವಾಗಿಯೂ ಅಲ್ಲಿದೆ ಎಂದು ಖಾತ್ರಿಯಾದ ಮೇಲೆಯೇ ಉಳಿದ ದೇಹವನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಬ್ಯಾಂಕಿಗೂ ಹೀಗೆ, ಕ್ಷೌರದಂಗಡಿಗೂ ಹೀಗೆ, ಸ್ವಂತ ಅಡುಗೆಮನೆಗೂ ಹೀಗೆ. ಹೊಸಬರು ಮುಸಿಮುಸಿ ನಗುತ್ತಿದ್ದರು. ಕಾರಣ ಬಲ್ಲವರು ನಗುತ್ತಿರಲಿಲ್ಲ. ಅವರು ಬದುಕಿಡೀ ಲಿಫ್ಟ್ ರಿಪೇರಿ ಮಾಡಿದವರು. ಹರೆಯದಲ್ಲಿ ಒಮ್ಮೆ, ಬಾಗಿಲು ತೆರೆಯಿತೆಂಬ ಒಂದೇ ಭರವಸೆಯ ಮೇಲೆ ಹೆಜ್ಜೆ ಇಡಹೋಗಿ, ಒಳಗೆ ಲಿಫ್ಟೇ ಇಲ್ಲದೆ ಬರೀ ಕತ್ತಲೆಯಿದ್ದದ್ದನ್ನು ಕಂಡು, ಚೌಕಟ್ಟಿಗೆ ಜೋತುಬಿದ್ದು ಜೀವ ಉಳಿಸಿಕೊಂಡಿದ್ದರು. ಅಂದಿನ ಆಘಾತಕ್ಕೆ ಹಣೆಯ ಮಧ್ಯಕ್ಕೆ ಏರಿದ ಹುಬ್ಬುಗಳು ಆಮೇಲೆ ಕೆಳಗಿಳಿಯಲೇ ಇಲ್ಲ. "ಊರಿನ ಲಿಫ್ಟೆಲ್ಲ ಇಳಿಸ್ತಾರೆ, ತಮ್ಮ ಹುಬ್ಬು ಇಳಿಸೋಕೆ ಮಾತ್ರ ಬರಲ್ಲ" ಎಂದು ಹೆಂಡತಿ ಬಂದವರೆದುರು ಹೇಳುತ್ತಿದ್ದರು.

ಮಾತಿಗೆ ಮುಂಚೆ ಬರುತ್ತಿದ್ದ ಮಾತೆಂದರೆ "ತಡೀರಿ". ಹಾಗಾಗಿ ಬೀದಿಗೆಲ್ಲ ಅವರು ತಡೀರಿ ಮಾವ. ಚಳಿಯಿರಲಿ ಸೆಕೆಯಿರಲಿ, ಎಣ್ಣೆ ಕುಡಿದು ಕಪ್ಪಾದ ಒಂದು ಖಾಕಿ ಕೋಟು ಮೈಮೇಲಿರಲೇಬೇಕು. ಅದರ ಜೇಬುಗಳಲ್ಲಿ ಸ್ಕ್ರೂ ಡ್ರೈವರಿನಿಂದ ಹಿಡಿದು ಅರ್ಧ ತಿಂದ ಬಿಸ್ಕತ್ತಿನವರೆಗೆ ಏನು ಬೇಕಾದರೂ ಸಿಗಬಹುದಿತ್ತು. ಅವರ ಕಸುಬಿನಲ್ಲಿ ಒತ್ತುವುದೂ ಗುಂಡಿ, ಬೀಳುವುದೂ ಗುಂಡಿ. "ಎರಡಕ್ಕೂ ಒಂದೇ ಹೆಸರಿಟ್ಟೋನು ಲಿಫ್ಟ್ ರಿಪೇರಿ ಮಾಡಿದ್ದೋನೇ ಇರ್ಬೇಕು" ಎನ್ನುತ್ತಿದ್ದರು, ಒಂದಿಷ್ಟೂ ನಗದೆ.

ಕಟ್ಟಿ ಮುಗಿಯದ ಒಂದು ಕಟ್ಟಡದ ಲಿಫ್ಟಿನ ತಳದ ಗುಂಡಿಯಲ್ಲಿ ಅವರಿಗೆ ಒಂದು ನಾಯಿಮರಿ ಸಿಕ್ಕಿತ್ತು. ಕೋಟಿನ ಜೇಬಿನಲ್ಲಿ ಕೂತು ಮನೆಗೆ ಬಂದ ಅದಕ್ಕೆ ಹೆಸರು ಹುಡುಕುವಷ್ಟರಲ್ಲಿ 'ಮರಿ' ಎಂಬುದೇ ಹೆಸರಾಗಿ ನಿಂತುಬಿಟ್ಟಿತು. ಮರಿ ಬೆಳೆದು ಕರುವಿನ ಗಾತ್ರವಾದರೂ ಹೆಸರು ಬೆಳೆಯಲಿಲ್ಲ. ಅದಕ್ಕೆ ಗೊತ್ತಿದ್ದ ವಿದ್ಯೆ ಒಂದೇ. "ಮರಿ, ಬಾ" ಎಂದರೆ ಸಾಕು, ಬಾಯಲ್ಲಿದ್ದ ಅನ್ನವನ್ನೂ ಬಿಟ್ಟು ಓಡಿಬಂದು, ಮುಂಗಾಲೆರಡನ್ನೂ ಅವರ ಎದೆಗೆ ಊರಿ ಗಲ್ಲ ನೆಕ್ಕುವುದು. ನೆಲವನ್ನೇ ನಂಬದ ಮನುಷ್ಯ ಆ ಭಾರಕ್ಕೆ ಮಾತ್ರ ಮೈಯೊಡ್ಡಿ ನಿಲ್ಲುತ್ತಿದ್ದರು. ಮನೆಯಲ್ಲಿ ಹೆಂಡತಿಯ ಬೆಕ್ಕೂ ಒಂದಿತ್ತು. ಯಾವ ಹೆಸರಿಗೂ ಓಗೊಡದ್ದರಿಂದ ಅದಕ್ಕೆ ಹೆಸರಿಟ್ಟಿರಲಿಲ್ಲ.

ಅದೇ ಮನೆಯಲ್ಲಿದ್ದ ಮಗಳು ತಾನು ತಾಯಿಯಾಗಲಿದ್ದೇನೆ ಎಂದಾಗ ಅವರ ಬಾಯಿಂದ ಹೊರಟ ಮೊದಲ ಮಾತು, "ತಡೀರಿ, ಬೆಕ್ಕು ನಾಯಿಗೆ ಯಾರು ಹೇಳ್ತಾರೆ?" ಎಂಬುದು. ಅಳಿಯ ಕಣ್ಣುಕಣ್ಣು ಬಿಟ್ಟ. ಮರುದಿನವೇ ಬಟ್ಟೆಯ ಗೊಂಬೆಯೊಂದು ಬಂತು. ಅದಕ್ಕೆ ಮಗುವಿನ ಪೌಡರು ಹಚ್ಚಿ, ದುಪ್ಪಟಿ ಸುತ್ತಿ, ತೋಳಿನಲ್ಲಿ ತೂಗುತ್ತ, ಪಕ್ಕದಲ್ಲಿ ಮರಿಯನ್ನು ನಡೆಸಿಕೊಂಡು ತಡೀರಿ ಮಾವ ಬೀದಿಯುದ್ದಕ್ಕೂ ಗಂಭೀರವಾಗಿ ಸಂಚರಿಸುವುದನ್ನು ಕಂಡು ಔಷಧಿ ಅಂಗಡಿಯವನು ಹೌಹಾರಿ, "ಮನೇಲಿ ಎಲ್ಲ ಸರಿಯಾಗಿದೆ ತಾನೇ ಅಮ್ಮಾ?" ಎಂದು ಹೆಂಡತಿಗೆ ಫೋನು ಮಾಡಿದ. ಯಾರದೋ ಮನೆಯ ಕೂಸಿನ ಅಳುವನ್ನು ಮೊಬೈಲಿನಲ್ಲಿ ಹಿಡಿದು ತಂದು, ನಾಯಿ ಉಣ್ಣುವಾಗ ಮೊದಲು ಪಿಸುದನಿಯಲ್ಲಿ, ದಿನಗಳೆದಂತೆ ಗಟ್ಟಿಯಾಗಿ ಕೇಳಿಸಿದರು. ನಾಯಿ ಕಿವಿಯಾಡಿಸುವುದನ್ನೂ ಬಿಟ್ಟಿತು. ಮನೆಯವರ ನಿದ್ದೆ ಮಾತ್ರ ಆಗಿನಿಂದಲೇ ಹೋಯಿತು.

ಬೆಕ್ಕು ಅಷ್ಟು ಸುಲಭವಾಗಿ ಬಗ್ಗಲಿಲ್ಲ. ತೊಟ್ಟಿಲು ಬಂದ ದಿನವೇ ಅದು ತನಗಾಗಿ ಬಂದದ್ದೆಂದು ತಿಳಿದು ಒಳಗೆ ಮಲಗಿತು. ತೊಟ್ಟಿಲಿನ ತುಂಬ ಪರಪರ ಸದ್ದು ಮಾಡುವ ಬೆಳ್ಳಿಬಣ್ಣದ ಹಾಳೆ ಹಾಸಿದಾಗ ಮುಖ ಸಿಂಡರಿಸಿ ಎದ್ದು ನೇರವಾಗಿ ಅವರ ಕೋಟಿನ ಮೇಲೆ ಪವಡಿಸಿತು. ಅವರು ಕೋಟನ್ನು ಬೀರುವಿನ ಮೇಲೆ ಹಾಸಿಕೊಟ್ಟರು. ಎತ್ತರದಿಂದ ಎಲ್ಲರನ್ನೂ ಕೀಳಾಗಿ ಕಾಣುವ ಸೌಕರ್ಯ ದೊರೆತ ಮೇಲೆ ಬೆಕ್ಕು ತೊಟ್ಟಿಲಿನತ್ತ ತಿರುಗಿಯೂ ನೋಡಲಿಲ್ಲ. ಅವರು ಕೋಟಿಲ್ಲದೆ ಓಡಾಡುವುದನ್ನು ಬೀದಿ ಅದೇ ಮೊದಲು ಕಂಡಿತು.

ಹೆರಿಗೆಯ ಹೊತ್ತಿಗೆ ಅವರಿಗೆ ನೆಗಡಿ. ಆಸ್ಪತ್ರೆಯವರು ಒಳಗೆ ಬಿಡಲಿಲ್ಲ. ಮೊಮ್ಮಗಳ ಮುಖಕ್ಕೆ ಬದಲು ಅವಳನ್ನು ಸುತ್ತಿದ್ದ ಬಟ್ಟೆಯ ತುಂಡೊಂದು ಮನೆಗೆ ಬಂತು, ಅದೂ ನಾಯಿ ಮೂಸಲೆಂದು. ತಾಯಿ ಮಗು ಮನೆಗೆ ಬರುವ ದಿನ ಎಲ್ಲವೂ ಅವರು ಹೇಳಿದಂತೆಯೇ ನಡೆಯಿತು. ಮರಿಯನ್ನು ಬೇಕಾದಷ್ಟು ಸುತ್ತಾಡಿಸಿ ದಣಿಸಿದ್ದಾಯಿತು; ಮಗಳು ಬರಿಗೈಯಲ್ಲಿ ಮೊದಲು ಬಂದು ಅದನ್ನು ಮಾತಾಡಿಸಿದ್ದಾಯಿತು; ಹಿಂದಿನಿಂದ ಅಳಿಯ ಮಗುವನ್ನು ತಂದು ಅವಳ ಮಡಿಲಿಗಿಟ್ಟಿದ್ದಾಯಿತು. ಕೋಣೆಯ ಆ ತುದಿಯಲ್ಲಿ ಹೆಂಡತಿ ಹಿಡಿದಿದ್ದ ಹಗ್ಗದ ಕೊನೆಯಲ್ಲಿ ಮರಿ ಸಭ್ಯವಾಗಿ ಮಲಗಿತ್ತು. ನೆಗಡಿ ವಾಸಿಯಾಗಿದ್ದ ಅವರು ಹೊಸ್ತಿಲು ತಟ್ಟಿ ಒಳಬಂದು, ಮಗಳ ಮುಂದೆ ಬಾಗಿ, ಮುಷ್ಟಿಗಾತ್ರದ ಆ ಮುಖವನ್ನು ಮೊದಲ ಬಾರಿಗೆ ನೋಡಿದರು. ಎದೆ ಉಕ್ಕಿಬಂತು. ಎರಡೂ ಕೈ ಚಾಚಿದರು.

"ಮರಿ... ಬಾ ಮರಿ, ತಾತನ ಹತ್ರ ಬಾ."

ಹೆಂಡತಿಯ ಕೈಯಿಂದ ಹಗ್ಗ ಕಿತ್ತುಹೋಯಿತು. ಎಂದಿನಂತೆ ಅವರ ಎದೆಗೆಂದೇ ನೆಗೆದ ಆ ಇಡೀ ಭಾರ, ಅವರು ಬಾಗಿದ್ದರಿಂದ ಮಗಳ ಮಡಿಲಿಗೆ ಎರಗಿತು. ಮಗಳು ಚೀರಿ ಮೊಣಕೈ ಅಡ್ಡ ಕೊಟ್ಟಳು. ಉಗುರು ತಾಗಿ ಅವಳ ತೋಳು ತರಚಿತು, ದುಪ್ಪಟಿ ಹರಿಯಿತು. ಅಳಿಯ ನಾಯಿಯ ಕೊರಳಿಗೆ ಕೈಹಾಕಿ ಎಳೆದೊಯ್ದು ಹಿಂದಿನ ಪಡಸಾಲೆಗೆ ನೂಕಿ ಬಾಗಿಲು ಹಾಕಿದ. ಅವರ ಕೈಗಳು ಚಾಚಿದಂತೆಯೇ ಗಾಳಿಯಲ್ಲಿ ನಿಂತಿದ್ದವು. ಮಗು ಮಾತ್ರ ನಿದ್ದೆಯಲ್ಲೇ ಇತ್ತು.

"ಈ ನಾಯಿ ಇನ್ನು ಈ ಮನೇಲಿರೋ ಹಾಗಿಲ್ಲ" ಎಂದ ಅಳಿಯ.

"ಅದರದ್ದೇನೂ ತಪ್ಪಿಲ್ಲಪ್ಪ. ಗುಂಡಿ ಒತ್ತಿದೋನು ನಾನು. ಒತ್ತಿದೆ, ಬಂತು."

"ನಾಳೆ ಇನ್ನೊಬ್ರು ಒತ್ತಲ್ಲ ಅಂತ ಏನು ಗ್ಯಾರಂಟಿ ಮಾವ?"

ಬಾಗಿಲು, ಹಗ್ಗ, ವಾಸನೆ, ಸದ್ದು ಎಲ್ಲವನ್ನೂ ತಟ್ಟಿ ನೋಡಿದ್ದವರು ತಮ್ಮ ನಾಲಿಗೆಯನ್ನು ತಟ್ಟಿ ನೋಡಿರಲಿಲ್ಲ. ಕೂಸನ್ನು ಕಂಡ ಯಾರ ಬಾಯಲ್ಲಿ ತಾನೆ ಆ ಪದ ಬರುವುದಿಲ್ಲ? ಎದುರುಮನೆಯಾಕೆ ಬಂದು "ಏನು ಮರಿ" ಎಂದಳು. ಪಡಸಾಲೆಯ ಬಾಗಿಲು ಧಡಾರೆಂದಿತು. ಲಸಿಕೆ ಹಾಕುವ ನರ್ಸು "ನೋವಾಯ್ತಾ ಮರಿ" ಎಂದಳು. ಬಾಗಿಲು ಮತ್ತೆ ಧಡಾರೆಂದಿತು. ಕಡೆಗೆ ಅಳಿಯನೇ ಕೂಸಿನ ಅಂಗಾಲಿಗೆ ಮುತ್ತಿಡುತ್ತ "ಮರೀ" ಎಂದು ರಾಗವೆಳೆದು, ಹಿಂದಿನಿಂದ ಬಂದ ಸದ್ದಿಗೆ ಬೆಚ್ಚಿ ಮಾವನ ಮುಖ ನೋಡಿದ. ಆಗ ಅವನೇ ಒಂದು ಗಡುವು ಕೊಟ್ಟ: ಮಗು ಅಂಬೆಗಾಲಿಡುವವರೆಗೆ ನಾಯಿ ಪಡಸಾಲೆಯಲ್ಲಿರಲಿ, ಅಷ್ಟರೊಳಗೆ ಸರಿಹೋಗದಿದ್ದರೆ ಬೇರೆ ಮನೆ ಹುಡುಕುವುದು.

ಊರಿನವರ ಬಾಯಿಂದ ಪದವನ್ನು ಕೀಳಲಾಗುವುದಿಲ್ಲ; ಗುಂಡಿಯ ಹಿಂದಿನ ತಂತಿಯನ್ನು ಬದಲಾಯಿಸಬಹುದು ಎಂದು ಅವರು ನಿಶ್ಚಯಿಸಿದರು. 'ಮರಿ' ಎಂದರೆ ಇನ್ನು ಬಾ ಎಂದಲ್ಲ, ಇದ್ದಲ್ಲೇ ಕೂರು ಎಂದು. ಪಡಸಾಲೆಯಲ್ಲಿ ನಿಂತು "ಮರಿ" ಎನ್ನುವರು. ಅದು ಎದೆಗೆ ಹಾರಿಬಂದರೆ ಬೆನ್ನು ತಿರುಗಿಸುವರು. ಕಂಗಾಲಾಗಿ ಕೂತರೆ ಬಿಸ್ಕತ್ತು. ಆ ಮೊದಲ ದಿನಗಳಲ್ಲಿ ನಾಯಿ ಅವರ ಬೆನ್ನನ್ನು ನೋಡುತ್ತಿದ್ದ ನೋಟ, ಲಿಫ್ಟಿಲ್ಲದ ಬಾಗಿಲನ್ನು ನೋಡಿದವರ ನೋಟವೇ ಆಗಿತ್ತು. ಅವರಿಗೆ ನಾಚಿಕೆಯಾಯಿತು, ದುಃಖವೂ ಆಯಿತು. "ಬಾ ಅಂತ ಮುದ್ದಿನಿಂದ ಕಲಿಸಿದ ಮಾತು ಕಣೇ, ಅದನ್ನೇ ಬರಬೇಡ ಅಂತ ಮಾಡ್ತಿದೀನಲ್ಲ" ಎಂದು ಹೆಂಡತಿಯ ಮುಂದೆ ಕಣ್ಣೊರೆಸಿಕೊಂಡರು. ಕರೆಯುವುದಕ್ಕೆ ಬೇರೊಂದು ಹೆಸರು ಬೇಕಲ್ಲ? ಯಾರೂ ಯಾವ ಕೂಸಿಗೂ ಅನ್ನದ ಹೆಸರನ್ನು ಆಯ್ದರು: ಯಜಮಾನ್ರು. "ಓಹೋ, ಇಷ್ಟು ವರ್ಷಕ್ಕೆ ಹೇಳಿದ ಮಾತು ಕೇಳೋ ಯಜಮಾನ್ರು ಸಿಕ್ಕಿದ್ರು" ಎಂದರು ಹೆಂಡತಿ.

ಮಗು ಅಂಬೆಗಾಲಿಟ್ಟಿತು. ಪಡಸಾಲೆಯ ಬಾಗಿಲಿಗೆ ಅವರೇ ಕೂರಿಸಿದ್ದ ಕಂಬಿಗೇಟಿನ ಬಳಿಗೆ ಒಂದು ಮಧ್ಯಾಹ್ನ ತೆವಳಿತು. ಮಗಳು ಅಲ್ಲೇ ಬಟ್ಟೆ ಮಡಚುತ್ತಿದ್ದಳು. ಅಮ್ಮ ಅನ್ನುತ್ತದೋ ತಾತ ಅನ್ನುತ್ತದೋ ಎಂದು ಇಡೀ ಮನೆ ಕಾದಿದ್ದ ಆ ಬಾಯಿ, ಕಂಬಿಯ ಸಂದಿನಲ್ಲಿ ಪುಟ್ಟ ಕೈ ತೂರಿಸಿ, ಸ್ಪಷ್ಟವಾಗಿ ಒಂದು ಮಾತಾಡಿತು.

"ಮಯೀ."

ಪಕ್ಕದ ಕೋಣೆಯಲ್ಲಿದ್ದ ಅವರ ಜೀವ ಬಾಯಿಗೆ ಬಂತು. ಓಡಿಬಂದರು; ಹೊಸ್ತಿಲು ತಟ್ಟದೆ ಬಂದರೆಂಬುದನ್ನು ಹೆಂಡತಿ ಗಮನಿಸಿದರು, ಓಡಿಬಂದವರಿಗೇ ಗೊತ್ತಾಗಲಿಲ್ಲ. ಗೇಟಿನಾಚೆ ನಾಯಿ ಎದ್ದು ನಿಂತಿತ್ತು. ಮೈಯೆಲ್ಲ ಮುಂದಕ್ಕೆ ವಾಲಿತು, ವಾಲಿದ್ದು ಹಾಗೆಯೇ ಹಿಂದೆ ಸರಿಯಿತು, ಕೂತಿತು. "ಮಯೀ, ಮಯೀ" ಎಂದು ಮಗು ಅಂಗೈ ಬಿಚ್ಚಿ ಕರೆದಷ್ಟೂ ಅದು ನೆಲಕ್ಕೆ ಇನ್ನಷ್ಟು ಒತ್ತಿಕೊಂಡಿತು. ತೊಡೆಗಳು ನಡುಗುತ್ತಿದ್ದವು. ಕಣ್ಣು ಮಾತ್ರ ಅವರ ಮೇಲಿತ್ತು. ಬರಬಾರದೆಂದು ತಾವೇ ಕಲಿಸಿದ ನಾಯಿ ಬರದೇ ಕೂತದ್ದನ್ನು ಕಂಡು ಅವರು, ಅಂದು ಬಂದಾಗ ಬೆಚ್ಚಿದ್ದಕ್ಕಿಂತ ಹೆಚ್ಚಾಗಿ ಬೆಚ್ಚಿದರು.

ಸದ್ದಿಗೆ ಓಡಿಬಂದಿದ್ದ ಅಳಿಯನೇ ಮೊದಲು ಮಾತಾಡಿದ. "ಕರೀರಿ ಮಾವ ಅದನ್ನ. ನನ್ ಕೈಲಿ ನೋಡೋಕಾಗ್ತಿಲ್ಲ."

ಅವರು ನೆಲದ ಮೇಲೆ ಕೂತು, ಮಗುವನ್ನು ಮಡಿಲಿಗೆಳೆದುಕೊಂಡು ಎರಡೂ ತೋಳುಗಳಿಂದ ಬಳಸಿದರು. ಅಳಿಯ ಅಗುಳಿ ತೆಗೆದು ಹಗ್ಗ ಹಿಡಿದ. "ತಡೀರಿ" ಎಂದರು ಅಭ್ಯಾಸಬಲದಿಂದ. ಆಮೇಲೆ, "ಬನ್ನಿ ಯಜಮಾನ್ರೇ. ನಿಧಾನ." ನಾಯಿ ಗೇಟಿನವರೆಗೆ ಬಂತು, ನಿಂತಿತು, ಒಂದು ಮುಂಗಾಲನ್ನು ಹೊಸ್ತಿಲಿನಾಚೆ ಚಾಚಿ ನೆಲವನ್ನು ಮೆಲ್ಲನೆ ಮುಟ್ಟಿ ನೋಡಿತು. ಆಮೇಲೆ ಒಳಗೆ ಬಂದು ಮಗುವಿನ ಪಾದದ ಬಳಿ ತಲೆಯಿಟ್ಟು ಮಲಗಿತು. ಬೀರುವಿನ ಮೇಲಿನ ಕೋಟಿನಿಂದ ಬೆಕ್ಕು ಒಮ್ಮೆ ಇಣುಕಿ, ಇದರಲ್ಲಿ ನೋಡುವಂಥದ್ದೇನಿದೆ ಎಂಬಂತೆ ಕಣ್ಣು ಮುಚ್ಚಿತು.

ಇಂಥವರನ್ನು ಲೋಕ ಪುಕ್ಕಲರೆನ್ನುತ್ತದೆ. ಒಮ್ಮೆ ಗುಂಡಿಯ ಅಂಚಿನಲ್ಲಿ ನಿಂತು ಬಂದವರು ಉಳಿದ ಆಯುಷ್ಯವನ್ನೆಲ್ಲ ಮನೆಮಂದಿಗಾಗಿ ನೆಲ ತಟ್ಟುವುದರಲ್ಲೇ ಸವೆಸುತ್ತಾರೆ. ನಾವು ಅವರ ಹಿಂದೆ, ಅವರನ್ನು ಆಡಿಕೊಳ್ಳುತ್ತ, ಧೈರ್ಯವಾಗಿ ಹೆಜ್ಜೆ ಇಡುತ್ತೇವೆ. ಅಷ್ಟು ತಟ್ಟುವವರೂ ಒಂದು ಜಾಗದಲ್ಲಿ ಮಾತ್ರ ನೋಡದೆ ಕಾಲಿಡುತ್ತಾರೆ. ಮುದ್ದು ಉಕ್ಕಿಬಂದಾಗ ಬಾಯಿಂದ ಜಾರುವ ಮಾತಿನ ಕೆಳಗೆ ನೆಲವಿದೆಯೋ ಇಲ್ಲವೋ ಎಂದು ತಟ್ಟಿ ನೋಡುವುದು ಅವರಿಗೂ ತೋಚುವುದಿಲ್ಲ.