ಎಪ್ಪತ್ತೈದು ಗಜದ ಒಡತಿ

"ಏ ರಂಡೀ, ಆ ಕೊಡಕ್ಕ ಕೈ ಹಚ್ಚಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕಲೇ ನಿನಗ? ಹೈದರಾಬಾದಿಗೆ ಬಂದ್ರೂ ಕೇರಿ ಬುದ್ಧಿ ಬಿಡಾಂಗಿಲ್ಲ ನೋಡು!"

ಗದಿಗೆಮ್ಮ ಚೊಂಬನ್ನು ಕೆಳಗಿಟ್ಟಳು. ಶಿವಶರಣಪ್ಪ ಅವಳ ಕಣ್ಣೆದುರೇ ಕೊಡದ ನೀರನ್ನೆಲ್ಲ ಮರಳಿನ ಮೇಲೆ ಚೆಲ್ಲಿಸಿದ. ದಿಲ್‌ಸುಖ್‌ನಗರದಲ್ಲಿ ಸೀರೆ ಅಂಗಡಿ ಇಟ್ಟಿದ್ದ ಕಲಬುರಗಿಯ ಸಾವುಕಾರ ಅವನು. ಊರಾಚೆಯ ಹೊಸ ಬಡಾವಣೆಯಲ್ಲಿ ಕೊಂಡ ನೂರೈವತ್ತು ಗಜದ ಜಾಗದಲ್ಲಿ ಬಾಡಿಗೆಗೆ ಕೊಡಲು ಮನೆ ಕಟ್ಟಿಸಲು ಹೊರಟಿದ್ದ. ಸುರಪುರದ ಕಡೆಯಿಂದ ದುಡಿಯಲು ಬಂದ ಗದಿಗೆಮ್ಮ ಮತ್ತು ಅವಳ ಗಂಡ ಮೌನಪ್ಪ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದುಕೊಂಡು ಪಾಯ ತೋಡುತ್ತಿದ್ದರು.

ಮೂರನೇ ದಿನ ಅದೇ ಶಿವಶರಣಪ್ಪ ಅವಳಿಗೆ ಕುರ್ಚಿ ತರಿಸಿದ.

"ಕೂಡವ್ವಾ ಗದಿಗೆಮ್ಮ. ಚಾ ಕುಡಿ."

ಗದಿಗೆಮ್ಮ ಕೂಡಲಿಲ್ಲ. ಬೈಗುಳ ಅವಳಿಗೆ ರೂಢಿಯಾಗಿತ್ತು. 'ಅವ್ವಾ' ಅನ್ನಿಸಿಕೊಂಡದ್ದಕ್ಕೆ ಮೈಯೆಲ್ಲ ಎಚ್ಚರವಾಯಿತು.

"ನಿಮ್ಮಿಬ್ಬರಿಗೂ ಕೂಲಿಕಾರರ ಕಾರ್ಡ್ ಮಾಡಸ್ತೀನಿ. ಆಧಾರ್ ತಗೊಂಡ್ ನಾಳೆ ನನ್ನ ಜೋಡಿ ಆಫೀಸಿಗೆ ಬರ್ರಿ. ಅಲ್ಲಿ ಏನ್ ಕೇಳಿದ್ರೂ 'ಅವುನು' ಅನ್ರಿ. ಹೌದು ಅಂದಂಗ, ತೆಲುಗಿನ್ಯಾಗ. ಮತ್ತೇನೂ ಬಾಯಿ ಬಿಡಬ್ಯಾಡ್ರಿ."

ಸಂಜೆ ರೊಟ್ಟಿ ಬಡಿಯುತ್ತ ಅವಳು ಗಂಡನನ್ನು ಕೇಳಿದಳು: "ಅವ ಯಾಕ ಕುರ್ಚಿ ಹಾಕಸ್ದ?"

"ಒಳ್ಳೇದ್ ಮಾಡಿದ್ರೂ ಸಂಶಯ ನಿನಗ. ಕಾರ್ಡ್ ಇದ್ರ, ಮ್ಯಾಲಿಂದ ಬಿದ್ ಕಾಲ್ ಮುರಕೊಂಡ್ರ ಸರ್ಕಾರ ನೋಡ್ಕೊಂತೈತಂತ."

"ನಮ್ಮ ಕಾಲಿನ ಕಾಳಜಿ ಅವನಿಗ ಯಾವಾಗಿಂದ ಹತ್ತೈತಿ?"

ಮೌನಪ್ಪ ರೊಟ್ಟಿ ಮುರಿದು ಉಣ್ಣತೊಡಗಿದ.

ಮರುದಿನ ಆಫೀಸಿನಲ್ಲಿ ಅವಳ ಹೆಬ್ಬೆಟ್ಟನ್ನು ಹನ್ನೊಂದು ಕಾಗದಗಳ ಮೇಲೆ ಒತ್ತಿಸಿದರು. ಗುಮಾಸ್ತ ತಲೆ ಎತ್ತದೆ ತೆಲುಗಿನಲ್ಲಿ ಏನೋ ಕೇಳಿದ. ಇಬ್ಬರೂ "ಅವುನು" ಅಂದರು. ತಿರುಗಿ ಬಂದ ಮೇಲೆ ಸಾವುಕಾರನ ಏಜೆಂಟ್ ಜಾಗದ ನಡುವೆ ದಾರ ಕಟ್ಟಿ, ಗದಿಗೆಮ್ಮನನ್ನು ಈ ಕಡೆ, ಮೌನಪ್ಪನನ್ನು ಆ ಕಡೆ ನಿಲ್ಲಿಸಿ ಬೇರೆ ಬೇರೆ ಫೋಟೋ ಹೊಡೆದ.

"ಕೂಲಿ ಕಾರ್ಡಿಗೆ ಜಾಗದ ಫೋಟೋ ಯಾಕ್ರೀ?" ಗದಿಗೆಮ್ಮ ಕೇಳಿದಳು.

"ಎಲ್ಲಿ ದುಡಿತೀರಿ ಅಂತ ತೋರ್ಸಬೇಕಾಗ್ತೈತಿ," ಅಂದ ಶಿವಶರಣಪ್ಪ.

"ಇಬ್ರೂ ಕೂಡೇ ದುಡಿತೀವಲ್ರಿ. ದಾರ ಯಾಕ ಮತ್ತ?"

"ಕಲ್ಲು ಹೊರಾಕ ಬಂದೀಯೋ, ವಕೀಲಕಿ ಮಾಡಾಕೋ? ನಡಿ ಆ ಕಡೆ!"

ಕಾರ್ಡು ಬರಲಿಲ್ಲ. ಕೇಳಿದಾಗಲೆಲ್ಲ "ಬರ್ತೈತಿ" ಎಂಬ ಉತ್ತರ ಬಂತು. ಒಂದು ಅಂತಸ್ತಿನ ಸ್ಲ್ಯಾಬು ಹಾಕಿದ್ದಾಯಿತು, ಎರಡನೆಯದೂ ಆಯಿತು. ದಾರವಿದ್ದಲ್ಲಿ ಗೋಡೆ ಏಳಲೇ ಇಲ್ಲ. ದಿನವೂ ಆ ಜಾಗ ದಾಟುವಾಗ ಗದಿಗೆಮ್ಮ ಒಂದು ಗಳಿಗೆ ನಿಲ್ಲುತ್ತಿದ್ದಳು.

ಮೂರನೇ ಸ್ಲ್ಯಾಬು ಹಾಕುವ ದಿನ ಬೆಳಿಗ್ಗೆ ಆರಕ್ಕೇ ಮಿಕ್ಸರ್ ಗುಡುಗತೊಡಗಿತು. ಮೇಸ್ತ್ರಿ ಬಸವಲಿಂಗಪ್ಪನ ಇಪ್ಪತ್ತು ಜನ ಏಣಿಯುದ್ದಕ್ಕೂ ಕೈಯಿಂದ ಕೈಗೆ ಬುಟ್ಟಿ ಸಾಗಿಸುತ್ತಿದ್ದರು. ಹತ್ತು ಗಂಟೆಯ ಸುಮಾರಿಗೆ ಕಟ್ಟಡ ಪರವಾನಗಿಯ ಅಧಿಕಾರಿ ಬಂದು ಮೇಲೆ ನೋಡಿ ಸ್ಲ್ಯಾಬು ಎಣಿಸಿದ.

"ಗದಿಗೆಮ್ಮ ಕೌನ್ ಹೈ?"

ಅವಳು ಬುಟ್ಟಿ ಇಳಿಸಿ ಮುಂದೆ ಬಂದಳು. ಅಧಿಕಾರಿ ಅವಳು ಸೀರೆಯ ಮೇಲೆ ತೊಟ್ಟ ಹರಿದ ಅಂಗಿಯನ್ನೂ ಸಿಮೆಂಟು ಮೆತ್ತಿದ ಕಾಲನ್ನೂ ನೋಡಿ ನಕ್ಕ. "ಓಹೋ, ಮಾಲ್ಕಿನ್!"

ಆಮೇಲೆ ಅವನು ಹಿಂದಿಯಲ್ಲಿ ಹೇಳಿದ್ದು ಅವಳಿಗೆ ಸಾವಕಾಶವಾಗಿ ತಲೆಗೆ ಹತ್ತಿತು. ಎಪ್ಪತ್ತೈದು ಗಜದವರೆಗಿನ ಜಾಗದಲ್ಲಿ ಮನೆ ಕಟ್ಟಲು ಪರವಾನಗಿ ಬೇಕಿಲ್ಲ, ಮಾಲೀಕರೇ ಬರೆದುಕೊಟ್ಟರೆ ಸಾಕು. ಆದರೆ ಎರಡೇ ಅಂತಸ್ತು ಕಟ್ಟಬಹುದು; ಇದು ಮೂರನೆಯದು. ಅವರು ಹೆಬ್ಬೆಟ್ಟು ಒತ್ತಿದ ಕಾಗದಗಳ ಪ್ರಕಾರ ಈ ಜಾಗ ಎರಡು ಹೋಳಾಗಿ ಅರ್ಧ ಅವಳ ಹೆಸರಿಗೆ, ಅರ್ಧ ಮೌನಪ್ಪನ ಹೆಸರಿಗಿದೆ. ಎರಡು ಬೇರೆ ಬೇರೆ ಮನೆ ಎಂದು ಬರೆದುಕೊಟ್ಟದ್ದು ಸುಳ್ಳು. ಕಟ್ಟಡ ಕೆಡವುತ್ತಾರೆ, ಮಾಲೀಕರ ಮೇಲೆ ಕೇಸು ಬೀಳುತ್ತದೆ. ಅವನು ಮೊಬೈಲು ತಿರುಗಿಸಿ ಅರ್ಜಿಯ ಫೋಟೋ ತೋರಿಸಿದ. ದಾರದ ಈ ಕಡೆ ಅವಳೇ ನಿಂತಿದ್ದಳು.

ಶಿವಶರಣಪ್ಪ ಅವಳ ಹತ್ತಿರ ಬಂದು ಮೆತ್ತಗೆ ಹೇಳಿದ: "ಅವುನು ಅಂತ ಅನ್ನವ್ವಾ. ಬಡವ್ರಿಗೆ ಯಾರೂ ಏನೂ ಮಾಡಾಂಗಿಲ್ಲ. ಉಳಿದದ್ದು ನಾ ನೋಡ್ಕೊಂತೀನಿ."

"ಹೇಳ್ರಿ ಸಾವುಕಾರ್ರ, ಜೇಲಿಗೆ ಯಾರ ಹೋಗೋದು?"

"ಏ, ಜೇಲಿಲ್ಲ ಗೀಲಿಲ್ಲ..."

"ಮನಿ ಯಾರ ಹೆಸರಿಗೈತಿ?"

"ಕಾಗದಕ್ಕಷ್ಟ ನಿಂದು."

ಗದಿಗೆಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. ಕುತ್ತಿಗೆಯ ನರ ಎದ್ದು ಕಾಣುವಂತೆ ಕೂಗಿದಳು:

"ಬಸಲಿಂಗಣ್ಣಾ, ಮಷಿನ್ ಬಂದ್ ಮಾಡ್ರೋ! ನನ್ನ ಮನಿ ಇದು. ನನಗ ಈ ಸ್ಲ್ಯಾಬ್ ಬ್ಯಾಡ!"

ಏಣಿಯ ಮೇಲಿನ ಕೈಗಳು ನಿಂತವು. ಬಸವಲಿಂಗಪ್ಪ ಸಾವುಕಾರನ ಮುಖ ನೋಡಿದ.

"ಹುಚ್ಚಿ ಆಕಿ! ಹಾಕ್ರಲೇ ಮಾಲ್!" ಶಿವಶರಣಪ್ಪ ಚೀರಿದ. "ಅರ್ಧಕ್ಕ ನಿಂತ್ರ ಸ್ಲ್ಯಾಬ್ ಹಾಳಾಗ್ತೈತಿ, ಸೂಳೇಮಕ್ಕಳ್ರ್ಯಾ!"

"ಹಾಳಾಗ್ಲಿ. ನಂದ್ ಹಾಳಾಗ್ತೈತಿ, ನಿಮಗೇನ್ ತ್ರಾಸು?"

ಮೇಲಿನಿಂದ ಯಾರೋ ಫಕ್ಕನೆ ನಕ್ಕರು. ಗದಿಗೆಮ್ಮ ಅಧಿಕಾರಿಯ ಕಡೆ ತಿರುಗಿ, ಕುರ್ಚಿ, ಚಹಾ, ಕಾರ್ಡಿನ ಮಾತು ಎಲ್ಲವನ್ನೂ ತನಗೆ ಬಂದ ಹಿಂದಿಯಲ್ಲಿ ಹೇಳಿ, "ಲಿಖೋ ಸಾಬ್" ಅಂದಳು. ಅಧಿಕಾರಿ ಫೈಲು ಮುಚ್ಚಿದ. ಅದು ತನ್ನ ಕೆಲಸವಲ್ಲ ಅಂದ. ಬರೆಯಲಿಲ್ಲ.

"ಏ ಮೌನ್ಯಾ! ನಿನ್ನ ಹೆಂಡ್ತಿ ಬಾಯಿ ಮುಚ್ಚಸೋ!" ಶಿವಶರಣಪ್ಪ ಕೂಗಿದ.

ಮೌನಪ್ಪ ಏಣಿಯಿಳಿದು ಬಂದ. ಹೆಂಡತಿಯ ಮುಖ ನೋಡಿದ. ಅಧಿಕಾರಿಯ ಮೊಬೈಲಿನಲ್ಲಿ ತನ್ನ ಫೋಟೋ ತೋರಿಸಲು ಹೇಳಿ ಬಹಳ ಹೊತ್ತು ನೋಡಿದ.

"ಈ ಕಡೀದು ಆಕೀದು," ಅಂದ. ಆಚೆ ಬದಿಗೆ ಕೈ ಚಾಚಿದ. "ಆ ಕಡೀದು ನಂದು. ಅಲ್ಲೀನೂ ಬಂದ್ ಮಾಡ್ರೋ."

ಬಸವಲಿಂಗಪ್ಪ ತಾನೇ ಹೋಗಿ ಮಿಕ್ಸರ್ ಆರಿಸಿದ.

ಶಿವಶರಣಪ್ಪ ಪೊಲೀಸರಿಗೆ ಫೋನು ಹಚ್ಚಿ, ಕೂಲಿಗಳು ಮನೆ ಹೊಕ್ಕಿದ್ದಾರೆ ಎಂದು ಅರಚುತ್ತಿದ್ದ. ಗಂಡ ಹೆಂಡತಿ ಬಾಗಿಲಿಲ್ಲದ ಹೊಸ್ತಿಲಲ್ಲಿ ಅಡ್ಡ ಕುಳಿತರು. ಬಿಸಿಲು ಏರಿತು, ಇಳಿಯಿತು. ಮೇಲೆ, ಅರ್ಧ ಹಾಸಿದ ಕಾಂಕ್ರೀಟಿನಲ್ಲಿ ಯಾರೋ ಬಿಟ್ಟುಬಂದ ಸಲಿಕೆ ನೆಟ್ಟಗೆ ನಿಂತಿತ್ತು. ಪೊಲೀಸ್ ಜೀಪು ಓಣಿಗೆ ತಿರುಗುವ ಹೊತ್ತಿಗೆ ಅದು ಕಿತ್ತರೂ ಬರದಷ್ಟು ಗಟ್ಟಿಯಾಗಿತ್ತು.