ಪ್ಲಾಸ್ಟಿಕ್ಕಿಗೂ ಟಿಕೆಟ್

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಮನುಷ್ಯನನ್ನು ತಂದು ಮನೆಯಲ್ಲಿ ಕೂರಿಸಿದರೆ ಏನಾಗುತ್ತದೆ? ಮನೆಯವರ ಪ್ರಾಣ ಹೋಗುತ್ತದೆ, ಇನ್ನೇನು. ನಿವೃತ್ತನಾದ ಕಂಡಕ್ಟರ್ ತಾತ ಅಡುಗೆಮನೆ ಬಾಗಿಲಿಗೆ ಜೋತುಬಿದ್ದು, ಬಂದುಹೋಗುವವರನ್ನೆಲ್ಲ ಸರಿಯಿರಿ ಸರಿಯಿರಿ ಎನ್ನುತ್ತಿದ್ದ. ಹೆಂಡತಿ ಎರಡು ತಿಂಗಳು ಹಲ್ಲು ಕಚ್ಚಿಕೊಂಡು ಸಹಿಸಿದಳು. ಮೂರನೆಯ ತಿಂಗಳಲ್ಲಿ ಮೊಮ್ಮಗಳ ಶಾಲೆಯಿಂದ ಒಂದು ಚೀಟಿ ಬಂತು. ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಕಡಿಮೆ ಮಾಡಲು ಮನೆಯ ಹಿರಿಯರು ಯಾರಾದರೂ ಕೈಜೋಡಿಸುತ್ತೀರಾ ಎಂದು ಕೇಳಿದ್ದರು. ಚೀಟಿ ಓದಿ ಮುಗಿಸುವ ಮೊದಲೇ ಆಕೆ ಗಂಡನ ಚಪ್ಪಲಿಯನ್ನು ಬೀದಿಯ ಕಡೆಗೆ ತಿರುಗಿಸಿ ಇಟ್ಟಿದ್ದಳು.

ಹೆಡ್‌ಮೇಡಂ ಅವನನ್ನು ಶಾಲೆಯ ಹಿಂದಿನ ಕಸದ ಡ್ರಮ್ಮಿನ ಹತ್ತಿರ ಕರೆದೊಯ್ದರು. ನೀರಿನ ಬಾಟಲಿ, ಚಮಚ, ಸ್ಟ್ರಾ, ಬಿಸ್ಕತ್ತಿನ ಕವರು ಎಲ್ಲ ಸೇರಿ ಮಧ್ಯಾಹ್ನಕ್ಕೇ ಡ್ರಮ್ಮು ತುಂಬಿ ತುಳುಕುತ್ತಿತ್ತು. ಎರಡು ವಾರ ಗೇಟು ನಿಮ್ಮದು, ಇದು ಇಳಿದರೆ ಮುಂದೆಯೂ ನಿಮ್ಮದೇ, ಇಳಿಯದಿದ್ದರೆ ಧನ್ಯವಾದ ಹೇಳಿ ಕಳಿಸುತ್ತೇನೆ ಎಂದರು. ತಾತನ ಕಿವಿಗೆ ಬಿದ್ದದ್ದು ಗೇಟು ನಿಮ್ಮದು ಎನ್ನುವ ಮಾತು ಮಾತ್ರ. ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕೆ ಅವನಿಗೆ ಮತ್ತೆ ಒಂದು ಕಾರಣ ಸಿಕ್ಕಿತ್ತು. ಅದನ್ನು ಕಳೆದುಕೊಳ್ಳುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ಬೇರೆ ಯಾರಾಗಿದ್ದರೂ ಗೋಡೆಗೆ ಚಿತ್ರ ಬಿಡಿಸುತ್ತಿದ್ದರು, ಭಾಷಣ ಮಾಡುತ್ತಿದ್ದರು. ತಾತನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಹಳೆಯ ಕ್ಯಾಲೆಂಡರುಗಳನ್ನು ಕತ್ತರಿಸಿ ಟಿಕೆಟ್ ಮಾಡಿಕೊಂಡ, ತೂತು ಹಾಕುವ ಪಂಚಿಗೆ ಎಣ್ಣೆ ಬಿಟ್ಟ, ಸೋಮವಾರ ಗೇಟಿನಲ್ಲಿ ನಿಂತೇಬಿಟ್ಟ. ಒಳಗೆ ಹೋಗುವ ಪ್ಲಾಸ್ಟಿಕ್ಕೆಲ್ಲ ಟಿಕೆಟ್ ತೆಗೆದುಕೊಳ್ಳಬೇಕು, ಸಂಜೆ ಅದೇ ಮಗುವಿನ ಜೊತೆ ಮನೆಗೆ ವಾಪಸ್ಸಾಗಬೇಕು. ಬಾಟಲಿಗೆ ಎರಡು ತೂತು, ಚಮಚಕ್ಕೆ ಒಂದು, ಸ್ಟ್ರಾ ಪಾಪ ಸಣ್ಣದು, ಅದಕ್ಕೆ ಅರ್ಧ ಟಿಕೆಟ್. ಸಂಜೆ ವಾಪಸ್ ಹೋಗುತ್ತಿದೆಯೋ ಇಲ್ಲವೋ ನೋಡಬೇಡವೇ? ಅವನು ನೋಡಲಿಲ್ಲ. ಇಳಿಯುವವರನ್ನು ಹಿಡಿಯುವುದು ಚೆಕಿಂಗಿನವರ ಕೆಲಸ, ಕಂಡಕ್ಟರಿನದಲ್ಲ.

ಮೊದಲ ದಿನ ನಲವತ್ತು ಟಿಕೆಟ್ ಹರಿದವು, ಬುಧವಾರ ನೂರೆಪ್ಪತ್ತು. ತಾತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಟಿಕೆಟ್ ಜಾಸ್ತಿ ಹೋದ ದಿನವೇ ಒಳ್ಳೆಯ ದಿನ ಎಂದು ಮೂವತ್ತೊಂದು ವರ್ಷ ನಂಬಿದ ತಲೆ ಅದು! ಊಟಕ್ಕೆ ಕೂತಾಗ ಲೆಕ್ಕ ಹೇಳಿ ಮೀಸೆ ತಿರುವಿದ. ಐದನೇ ಕ್ಲಾಸಿನ ಮೊಮ್ಮಗಳು ತಟ್ಟೆಯಿಂದ ತಲೆ ಎತ್ತಲೇ ಇಲ್ಲ.

"ತಾತ, ಎಲ್ಲರೂ ಟಿಕೆಟ್ ಸಿಗ್ಲಿ ಅಂತಾನೇ ಪ್ಲಾಸ್ಟಿಕ್ ತರ್ತಿದಾರೆ. ಟಿಕೆಟ್ ಇಟ್ಕೊಂಡು ಬಾಟ್ಲಿ ಡ್ರಮ್ಮಿಗೆ ಹಾಕ್ತಾರೆ. ಎರಡು ತೂತಿನ ಟಿಕೆಟ್ ಕೊಟ್ರೆ ಬದ್ಲಿಗೆ ಒಂದು ರಬ್ಬರ್ ಸಿಗತ್ತೆ ಗೊತ್ತಾ?"

ಶುಕ್ರವಾರದ ಹೊತ್ತಿಗೆ ಡ್ರಮ್ಮು ಒಂದಿದ್ದದ್ದು ಮೂರಾಯಿತು. ಹೆಡ್‌ಮೇಡಂ ಅವನನ್ನು ಕರೆದು, ಇನ್ನು ಒಂದೇ ವಾರ, ಆಮೇಲೆ ನನ್ನನ್ನು ಏನೂ ಕೇಳಬೇಡಿ ಎಂದರು.

ತಾತನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಮನೆಯ ಮೆಟ್ಟಿಲ ಮೇಲೆ ಕೂತು ಯೋಚಿಸಿದ. ಬಸ್ಸಿನಲ್ಲಿ ಮಕ್ಕಳ ಕಣ್ಣು ಎಲ್ಲಿರುತ್ತಿತ್ತು? ಟಿಕೆಟ್ ಮೇಲಲ್ಲ, ಗಂಟೆಯ ಹಗ್ಗದ ಮೇಲೆ. ಅಪ್ಪನ ತೊಡೆಯಿಂದ, ಅಮ್ಮನ ಹೆಗಲಿಂದ ಅದಕ್ಕೇ ಕೈ ಚಾಚುತ್ತಿದ್ದವು. ಕೈ ತೆಗಿ, ಕೈ ತೆಗಿ ಎಂದು ಇಡೀ ಆಯುಷ್ಯ ಗದರಿದ್ದ. ಶನಿವಾರ ಡಿಪೋಕ್ಕೆ ಓಡಿ, ಗುಜರಿ ಬಸ್ಸಿನ ಗಂಟೆಯೊಂದನ್ನು ಹಗ್ಗದ ಸಮೇತ ಕಾಡಿ ಬೇಡಿ ತಂದ.

ಸೋಮವಾರದಿಂದ ಹೊಸ ನಿಯಮ. ಪ್ಲಾಸ್ಟಿಕ್ ಇಲ್ಲದವರು ಗೇಟಿಗೆ ಕಟ್ಟಿದ ಗಂಟೆಯ ಹಗ್ಗವನ್ನು ಎರಡು ಸಲ ಎಳೆದು ಒಳಗೆ ಹೋಗಬಹುದು. ಇದ್ದವರಿಗೆ ಟಿಕೆಟ್ಟೇ ಗತಿ, ಗಂಟೆ ಇಲ್ಲ. ಬಾಟಲಿ ತಂದವರು ಗೇಟಿನಿಂದಲೇ ಬಿದ್ದಂಬೀಳ ಮನೆಗೆ ಓಡಿ ಸ್ಟೀಲಿನದು ತಂದರು. ಮುನ್ನೂರು ಮಕ್ಕಳು, ಆರುನೂರು ಟಿಂಗು. ಬೀದಿನಾಯಿಗಳು ಊರು ಬಿಟ್ಟವು. ಎದುರಿನ ದರ್ಜಿ ಬೆಂಕಿ ಬಿತ್ತೆಂದು ಅಳತೆಪಟ್ಟಿ ಸಮೇತ ಬೀದಿಗೆ ಬಂದ.

ಅಷ್ಟರಲ್ಲಿ ಹೆಡ್‌ಮೇಡಂ ಬಸ್ಸಿಳಿದು ಬಂದರು. ಪ್ರಾರ್ಥನೆಯ ಹೊತ್ತು ಮೀರಿ ಹದಿನೈದು ನಿಮಿಷವಾಗಿತ್ತು, ಸಾಲು ಇನ್ನೂ ಬೀದಿಯ ತಿರುವಿನವರೆಗೆ ಇತ್ತು. ಅವರು ಮಕ್ಕಳನ್ನು ಸರಿಸಿಕೊಂಡು ಮುಂದೆ ಬಂದರು.

"ಏನ್ರೀ ಇದು ಗಲಾಟೆ? ಸಾಕು, ಗಂಟೆ ಬಿಚ್ಚಿ. ಇವತ್ತಿಗೆ ಮುಗೀತು."

ತಾತ ಗೇಟು ಹೋಯಿತು ಎಂದುಕೊಂಡ. ಸಾಲಿನಲ್ಲಿದ್ದ ಮೊಮ್ಮಗಳ ಮುಖ ಸಣ್ಣದಾಯಿತು. ಸುಮ್ಮನೆ ಹೂಂ ಅಂದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತೇನೋ. ಆದರೆ ಮೇಡಂ ಕೈಯಲ್ಲಿ ಒಂದು ಜ್ಯೂಸಿನ ಲೋಟವಿತ್ತು, ಪ್ಲಾಸ್ಟಿಕ್ಕಿನದು. ತನ್ನ ಬಸ್ಸಿನಲ್ಲಿ ಸ್ವಂತ ಮಾವನನ್ನೂ ಪುಕ್ಕಟೆ ಬಿಡದ ಮನುಷ್ಯ ಅವನು. ಕೈ ತಾನಾಗಿ ಪಂಚಿಗೆ ಹೋಯಿತು. ಟಕ್, ಟಕ್.

"ಲೋಟಕ್ಕೊಂದು, ಮುಚ್ಚಳಕ್ಕೊಂದು, ಸ್ಟ್ರಾಗೆ ಅರ್ಧ. ತಗೊಳ್ಳಿ ಮೇಡಂ."

ಮೇಡಂ ಟಿಕೆಟ್ ನೋಡಿದರು, ಲೋಟ ನೋಡಿದರು, ಕಿವಿ ಕೆಂಪಗೆ ಮಾಡಿಕೊಂಡು ಒಳಗೆ ನಡೆದರು. ಗಂಟೆ ಬಿಚ್ಚಲು ಇನ್ನೊಮ್ಮೆ ಹೇಳಲಿಲ್ಲ.

ಅವತ್ತೆಲ್ಲ ತಾತ ಕರೆ ಬರುತ್ತದೆಂದು ಕಾದ. ಬರಲಿಲ್ಲ. ಡ್ರಮ್ಮಿನ ತಳದಲ್ಲಿ ಬಾಳೆಹಣ್ಣಿನ ಸಿಪ್ಪೆ ಬಿಟ್ಟರೆ ಏನೂ ಇರಲಿಲ್ಲ. ಸಂಜೆ ಮೇಡಂ ತೊಳೆದ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು, ಅವನ ಕಡೆ ನೋಡದೆ ಮನೆಗೆ ಹೋದರು.

ಮರುದಿನ ಅವರು ಒಂದು ಸ್ಟೀಲ್ ಫ್ಲಾಸ್ಕ್ ಹಿಡಿದು, ಒಂದನೇ ಕ್ಲಾಸಿನ ಮಕ್ಕಳ ನಡುವೆ ಸಾಲಿನಲ್ಲಿ ನಿಂತಿದ್ದರು. ಸರದಿ ಬಂದಾಗ ದನಿ ತಗ್ಗಿಸಿ, ಎಷ್ಟು ಸಲ ಎಳೆಯಬೇಕು ಎಂದು ಕೇಳಿದರು. ಎರಡು ಎಂದ ತಾತ. ಎರಡು ಸಲ ಎಳೆದರು. ಆಚೀಚೆ ನೋಡಿದರು. ಮತ್ತೊಂದು ಸಲ ಎಳೆದರು.

"ನಾಳೆಯಿಂದ ಕಾಲು ಗಂಟೆ ಮುಂಚೆ ಬಂದ್ಬಿಡಿ," ಎಂದರು. "ದಿನಾ ಪ್ರಾರ್ಥನೆಗೆ ತಡ ಆದ್ರೆ ಆಗಲ್ಲ."

ದಿನಾ ಎಂದ ಆ ಒಂದು ಮಾತಿಗೆ ತಾತನ ಕಣ್ಣು ತುಂಬಿ, ಮುಂದಿನ ಮಗುವಿನ ಚೀಲವೇ ಕಾಣಿಸದಾಯಿತು. ಆ ಮಗುವೋ ಸೊಂಟದ ಮೇಲೆ ಕೈಯಿಟ್ಟುಕೊಂಡು, ಮೇಡಂ ಮೂರು ಸಲ ಎಳೆದರು ಎಂದು ಅವನಿಗೆ ದೂರು ಹೇಳುತ್ತಿತ್ತು.