ಕೆಂಚನ ಗಂಟಲಲ್ಲಿ ಮೂಳೆ ಇರಲಿಲ್ಲ

ಹೆಮ್ಮರಗಾಲದ ಸರ್ವಮಂಗಳಾ ಮನೆಯ ಹಿತ್ತಲಿಗೆ ನರಿಗಳು ಬರತೊಡಗಿದ್ದು ಅವರ ಸೀಮೆಹಸು ಕರು ಹಾಕಿದ ಮೂರನೆಯ ದಿನದಿಂದ.

ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಹಾಲು ಸುರಿಸುವ ಮರಕ್ಕೆ ಕಟ್ಟುವುದು ನಮ್ಮ ಕಡೆಯ ಹಳೆಯ ಪದ್ಧತಿ. ಹಾಗೆ ಮಾಡಿದರೆ ಕೆಚ್ಚಲು ತುಂಬುತ್ತದೆ ಎನ್ನುತ್ತಾರೆ. ಮೊದಲೆಲ್ಲ ಊರಾಚೆಯ ಆಲದ ಮರದ ಎತ್ತರದ ಕೊಂಬೆಗೆ ಕಟ್ಟುತ್ತಿದ್ದರು. ರಸ್ತೆ ಅಗಲ ಮಾಡುವಾಗ ಆ ಮರ ಹೋಯಿತು. ಆಮೇಲೆ ಸರ್ವಮಂಗಳಾ ಅವರ ಅತ್ತೆ ಪುಟ್ಟಬಸಮ್ಮ ಹಿತ್ತಲಿನ ಅತ್ತಿಗಿಡಕ್ಕೇ ಕಟ್ಟಿಸತೊಡಗಿದರು. ಗಿಡ ಎಳೆಯದು. ಗಂಟು ಎದೆಯೆತ್ತರಕ್ಕೆ ತೂಗುತ್ತಿತ್ತು. ಪಕ್ಕದಲ್ಲೇ ಕಬ್ಬಿನ ಗದ್ದೆ. ವಾಸನೆ ಹಿಡಿದು ನರಿಗಳು ಬಂದವು.

ಒಂದು ಬೆಳಗ್ಗೆ ಸಗಣಿ ಬಾಚಲು ಹೋದ ಸರ್ವಮಂಗಳಾ ಕಂಡದ್ದು ಮನೆಯ ನಾಯಿ ಕೆಂಚ ಮತ್ತು ಒಂದು ನರಿಯ ಕಾದಾಟ. ಪೊರಕೆ ಬೀಸಿದರೂ ನರಿ ಓಡಲಿಲ್ಲ. ಅವಳನ್ನೇ ನೋಡುತ್ತ ನಿಂತಿತ್ತು, ಆಮೇಲೆ ತೂರಾಡುತ್ತ ಕಬ್ಬಿನೊಳಗೆ ಹೋಯಿತು. ಕೆಂಚನ ಮೂತಿಯಲ್ಲಿ ರಕ್ತ. ಸರ್ವಮಂಗಳಾ ಅರಿಶಿನ ಮೆತ್ತಿದಳು.

ಮರುದಿನ ಹಾಲಿನ ಡೇರಿ ಮುಂದೆ ನಾಯಿಗಳಿಗೆ ಹುಚ್ಚು ತಡೆಯುವ ಲಸಿಕೆ ಹಾಕುತ್ತಿದ್ದರು. ಪುಕ್ಕಟೆ. ಪಶು ಡಾಕ್ಟರು ಮನೆ ಮನೆಗೂ ಬಂದು ಕೇಳಿದರು.

"ನಿಮ್ ನಾಯಿ ಎಲ್ಲಮ್ಮ?"

"ಗದ್ದೆ ಕಡೆ ಓಗ್ಯದೆ ಸಾ," ಎಂದಳು ಸರ್ವಮಂಗಳಾ.

ಕೆಂಚ ಕೊಟ್ಟಿಗೆಯೊಳಗಿತ್ತು. ಬಾಗಿಲು ಹಾಕಿದ್ದವಳು ಅವಳೇ. ಸೂಜಿ ಚುಚ್ಚಿಸಿದರೆ ನಾಯಿ ಮಂಕಾಗುತ್ತದೆ, ಕಾವಲಿಗೆ ಬಾರದು ಎಂದು ಯಾರೋ ಹೇಳಿದ್ದರು. ನರಿ ಕಾಟ ಕಳೆಯಲಿ, ಮುಂದಿನ ಸಲ ನೋಡೋಣ ಅಂದುಕೊಂಡಳು.

ಎರಡು ತಿಂಗಳಾಯಿತು. ಗಾಯ ಮಾಯ್ದಿತ್ತು. ಒಂದು ಸಂಜೆ ಕೆಂಚ ಮುದ್ದೆ ಮೂಸಿ ಸುಮ್ಮನಾಯಿತು. ಕೆಳದವಡೆ ಜೋತು ಬಿದ್ದಿತ್ತು. ಜೊಲ್ಲು ಸುರಿಯುತ್ತಿತ್ತು. ಬೊಗಳಿದರೆ ಗಂಟಲು ಕಟ್ಟಿದವರ ಹಾಗೆ ಬೇರೆಯೇ ದನಿ.

"ಗಂಟ್ಲಲ್ಲಿ ಮೂಳೆ ಸಿಕ್ಕಂಡದೆ," ಎಂದರು ಪುಟ್ಟಬಸಮ್ಮ. "ಲಿಂಗ ಕಟ್ಟಿದೋರ ಮನೆ ನಾಯಿ, ಯಾರ ಮನೆ ತಿಪ್ಪೇಲಿ ಬಾಯಾಕ್ತೋ. ತಗೀಲಾ ಗುರುಮಲ್ಲ, ನಾಕು ಜನ ನೋಡೋಕ್ ಮುಂಚೆ."

ಸರ್ವಮಂಗಳಾ ಗಂಡ ಗುರುಮಲ್ಲಪ್ಪ ನಾಯಿಯ ಬಾಯಿ ಅಗಲಿಸಿ, ಮಣಿಕಟ್ಟಿನವರೆಗೆ ಕೈ ಹಾಕಿ ತಡಕಾಡಿದ. ಮೂಳೆ ಸಿಗಲಿಲ್ಲ. ಹಲ್ಲು ತಾಗಿ ಎರಡು ಬೆರಳು ಗೀರಿ ರಕ್ತ ಬಂತು. ಪಂಚೆಗೆ ಒರೆಸಿಕೊಂಡು ಊಟಕ್ಕೆ ಕೂತ.

ಮರುದಿನ ಕೂಸುಗಳ ಲಸಿಕೆಗೆಂದು ಬೀದಿಗೆ ಬಂದ ಆರೋಗ್ಯ ಉಪಕೇಂದ್ರದ ಸಿಸ್ಟರ್ ಮಂಗಳಗೌರಿ ಜಗಲಿ ಕಂಬಕ್ಕೆ ಕಟ್ಟಿದ್ದ ಕೆಂಚನನ್ನು ಕಂಡು ದೂರದಲ್ಲೇ ನಿಂತರು.

"ಇದ್ರ ಬಾಯಿಗೆ ಯಾರಾದ್ರೂ ಕೈ ಹಾಕಿದ್ರಾ?"

"ನಾನೇ ಆಕ್ದೆ. ಅದು ಕಚ್ಚಿಲ್ಲ ಬುಡಿ, ಸಿಸ್ಟ್ರೇ," ಎಂದ ಗುರುಮಲ್ಲಪ್ಪ.

"ಅದು ಕಚ್ಚಿದ್ದೋ ನೀವೇ ಕೈ ಕೊಟ್ಟಿದ್ದೋ ಜೊಲ್ಲಿಗೆ ಗೊತ್ತಾಗಲ್ಲ, ಯಜಮಾನ್ರೇ. ಗೀರಿದ ಜಾಗದಲ್ಲಿ ಜೊಲ್ಲು ತಾಗಿದ್ರೆ ಸಾಕು. ನಾಯಿಗೆ ಈಚೆಗೆ ಏನಾದ್ರೂ ಕಚ್ಚಿತ್ತಾ?"

ಸರ್ವಮಂಗಳಾ ಜಗಲಿಯಿಂದ ಇಳಿದು ಬಂದಳು. "ನರಿ ಕಚ್ಚಿತ್ತು," ಎಂದಳು. "ಎಲ್ಡು ತಿಂಗಳಾಯ್ತು."

ಸಿಸ್ಟರ್ ಗುರುಮಲ್ಲಪ್ಪನನ್ನು ನಲ್ಲಿಯ ಹತ್ತಿರ ಕೂರಿಸಿದರು. ಬಟ್ಟೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಕಾಲು ಗಂಟೆ ಕೈ ತೊಳೆಸಿದರು. ಸುಣ್ಣ ತರಲು ಹೋದ ಪುಟ್ಟಬಸಮ್ಮನನ್ನು ತಡೆದರು. "ಸುಣ್ಣ, ಖಾರದಪುಡಿ, ಸೊಪ್ಪಿನ ರಸ ಏನೂ ಬೇಡ ಅಜ್ಜಿ. ಇವತ್ತೇ ನಂಜನಗೂಡು ಆಸ್ಪತ್ರೆಗೆ ಹೊರಡಿಸಿ."

"ಒಟ್ಟೆ ಸುತ್ತ ಅದಿನಾಕು ಚುಚ್ತಾರಲ್ಲ," ಎಂದ ಗುರುಮಲ್ಲಪ್ಪ. "ನಮ್ಮಪ್ಪ ಅದುಕ್ಕೇ ಅರ್ಧದಲ್ಲಿ ಎದ್ದು ಓಡ್ಬಂದಿದ್ದ."

"ಅದು ಹಳೇ ಕಾಲ. ಈಗ ತೋಳಿಗೆ ಐದು ಅಷ್ಟೆ. ಆದ್ರೆ ಈ ರೋಗ ಮೈಮೇಲೆ ಕಾಣಿಸ್ಕೊಂಡ ಮೇಲೆ ಯಾವ ಡಾಕ್ಟರ ಕೈಲೂ ಉಳಿಸೋಕಾಗಲ್ಲ."

ಅಂದೇ ಹೊರಟರು. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಸೂಜಿ ಹಾಕಿದರು. ರಕ್ತ ಬಂದ ಗಾಯವಾದ್ದರಿಂದ ಗಾಯದ ಸುತ್ತ ಹಾಕುವ ಇನ್ನೊಂದು ಮದ್ದಿಗೆ ಮೈಸೂರಿಗೆ ಕಳಿಸಿದರು, ಅಲ್ಲಿ ಅದೂ ಆಯಿತು. ಬಂದು ನೋಡಿದ ಪಶು ಡಾಕ್ಟರು ಕೆಂಚನಿಗೆ ಹುಚ್ಚು ಎಂದರು. ಮೂರನೆಯ ದಿನ ಅದು ಸತ್ತಿತು. ಕೊನೆಯವರೆಗೂ ಸರ್ವಮಂಗಳಾ ದನಿ ಕೇಳಿದರೆ ಬಾಲ ಅಲ್ಲಾಡಿಸಲು ನೋಡುತ್ತಿತ್ತು. ಅವಳು ಹತ್ತಿರ ಹೋಗುವ ಹಾಗಿರಲಿಲ್ಲ.

"ವರ್ಷ ವರ್ಷ ಲಸಿಕೆ ಹಾಕ್ಸಿದ್ರೆ ಇದು ಬರ್ತಿರ್ಲಿಲ್ಲಮ್ಮ," ಎಂದರು ಪಶು ಡಾಕ್ಟರು. "ನರಿ ಕಚ್ಚಿದ ಮಾರನೇ ದಿನ ತೋರಿಸಿದ್ರೂ ಏನಾದ್ರೂ ಪ್ರಯತ್ನ ಮಾಡ್ಬೋದಿತ್ತು."

ಅವತ್ತು ಅವರು ಅವಳ ಬಾಗಿಲಿಗೆ ಬಂದದ್ದೇ ನರಿ ಕಚ್ಚಿದ ಮಾರನೇ ದಿನ.

ಮೂರು ಸೂಜಿ ಆದ ಮೇಲೆ ಗುರುಮಲ್ಲಪ್ಪನ ಗದ್ದೆಗೆ ಕಬ್ಬು ಕಡಿಯುವವರು ಬಂದರು. ನಾಲ್ಕನೆಯ ಸೂಜಿಯ ದಿನ ಅವನು ಕುಡುಗೋಲು ಹಿಡಿದು ಹೊರಟ.

"ನಾ ಚೆನ್ನಾಗೇ ಅವ್ನಿ ಕಣಮ್ಮಿ. ಅದೊಂದು ಸೂಜಿ ಬುಟ್ರೆ ಏನಾದದು? ಬೊಗಳ್ತಾ ಇದ್ದೀನಾ?"

ಪುಟ್ಟಬಸಮ್ಮ ನಕ್ಕರು. ಸರ್ವಮಂಗಳಾ ನಗಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು.

"ಅವತ್ತು ಡಾಕ್ಟ್ರು ಬಂದಾಗ ಕೆಂಚ ಗದ್ದೇಲಿರ್ನಿಲ್ಲ. ನಾನೇ ಕೊಟ್ಗೇಲಿ ಕೂಡಾಕಿ ಸುಳ್ಳು ಯೋಳ್ದೆ. ಮುಂದಿನ ಸಲ ನೋಡವಾ ಅಂದ್ಕಂಡೆ. ನೀವೂ ಈಗ ಅದ್ನೇ ಯೋಳ್ತಾ ಇದ್ದೀರಿ. ಒಂದು ಜೀವ ಕಳ್ದಾಯ್ತು, ಇನ್ನೊಂದ ಕಳ್ಯಾಕೆ ನಂಗಾಗಕಿಲ್ಲ ಕಣ್ರೀ."

ಪುಟ್ಟಬಸಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಆ ಮಾಸಿನ ಗಂಟ ಇತ್ಲಲ್ಲಿ ಕಟ್ಸಿದ್ದು ನಾನು ಕಣವ್ವ," ಎಂದರು. ಆಮೇಲೆ ಮಗನ ಕಡೆ ತಿರುಗಿ, "ಓಗ್ಬಾ ಮಗ. ಕಬ್ಬಿನ ತಾವ ನಾ ಕೂತ್ಕತೀನಿ."

ಗುರುಮಲ್ಲಪ್ಪ ಕುಡುಗೋಲು ಮೂಲೆಗಿಟ್ಟು ಅಂಗಿ ಬದಲಿಸಿದ. ನಾಲ್ಕನೆಯದೂ ಆಯಿತು, ಇಪ್ಪತ್ತೆಂಟನೆಯ ದಿನ ಐದನೆಯದೂ ಆಯಿತು. ಅವನು ಇವತ್ತಿಗೂ ಗಟ್ಟಿಮುಟ್ಟಾಗಿದ್ದಾನೆ. ಆ ಮನೆಯಲ್ಲಿ ಈಗ ಮಾಸನ್ನು ಸುಣ್ಣ ಹಾಕಿ ಸೊಂಟದಾಳದ ಗುಂಡಿಯಲ್ಲಿ ಹೂಳುತ್ತಾರೆ. ಹಾಲು ಕಡಿಮೆಯಾಗಿಲ್ಲ. ಆದರೆ ಡಾಕ್ಟರಿಗೆ ಹೇಳಿದ ಒಂದು ಸುಳ್ಳನ್ನು ವಾಪಸು ಪಡೆಯುವ ದಾರಿ ಸರ್ವಮಂಗಳಾಗೆ ಸಿಕ್ಕಿಲ್ಲ.

ಸಂಘದಲ್ಲಿ ಕೂತು ಇದನ್ನು ಕೇಳುತ್ತಿರುವ ಅಕ್ಕ ತಂಗಿಯರೇ, ನಿಮ್ಮ ನಾಯಿಗೆ ಈ ವರ್ಷದ ಲಸಿಕೆ ಆಗಿದೆಯೇ, ಇವತ್ತು ಮನೆಗೆ ಹೋಗಿ ಯೋಚಿಸಿ. ಮಾಸು, ಸತ್ತ ಕರು, ಕೋಳಿ ಕಸ ಯಾವುದನ್ನೂ ಮನೆಯ ಹತ್ತಿರ ಬಿಡಬೇಡಿ, ಆಳವಾಗಿ ಹೂಳಿ. ನರಿ, ಮುಂಗುಸಿ ಬಂದರೆ ನಾಯಿಯನ್ನು ಛೂ ಬಿಡಬೇಡಿ. ನಾಯಿಯಾಗಲಿ ಹಸುವಾಗಲಿ, ಜೊಲ್ಲು ಸುರಿಸುತ್ತ ನುಂಗಲಾರದೆ ನಿಂತರೆ ಅದರ ಬಾಯಿಗೆ ಕೈ ಹಾಕಬೇಡಿ, ಡಾಕ್ಟರಿಗೆ ಹೇಳಿಕಳಿಸಿ. ಕಚ್ಚಿದರೂ ಗೀರಿದರೂ ಸೋಪು ಹಚ್ಚಿ ಕಾಲು ಗಂಟೆ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ತಡವಾಗಿದ್ದರೂ ಹೋಗಿ. ಹೇಳಿದಷ್ಟೂ ಸೂಜಿ ಮುಗಿಸಿ. ಲಸಿಕೆಯವರು ನಿಮ್ಮ ಬಾಗಿಲಿಗೆ ಬಂದು ನಾಯಿ ಎಲ್ಲಿ ಎಂದು ಕೇಳಿದರೆ, ದಯವಿಟ್ಟು, ಇದ್ದಲ್ಲಿಂದ ಕರೆದು ತಂದು ನಿಲ್ಲಿಸಿ.